ನಾಲ್ಕು ಬೆರಳಿನ ಮಡಿಕೆ

ಭಾನುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯ ಒಳಕೋಣೆ

ನನ್ನ ದಾರದುಂಡೆಗೆ ಅಮ್ಮನ ಮುದ್ದು.

ನಿನ್ನ ಕಾಗದ ಬಂದು ವಾರಗಳೇ ಆದವು. ನೀವಿಬ್ಬರೂ ಮಗು ಬೇಡವೆಂದು ಯೋಚಿಸುತ್ತಿದ್ದೀರಿ, ಅಮ್ಮನಿಗೆ ನೋವಾಗುತ್ತದೋ ಏನೋ ಎಂಬ ಅಳುಕೊಂದೇ ಉಳಿದಿದೆ ಎಂದು ಬರೆದಿದ್ದೀಯೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರಿಸಬೇಡ ಎಂದೂ ತಾಕೀತು ಮಾಡಿದ್ದೀಯೆ. ನೇರವಾಗಿ ಹೇಳಬೇಕಾದರೆ ಮೊದಲು ನನಗೇ ಗೊತ್ತಾಗಬೇಕಲ್ಲ? ಅದಕ್ಕೇ ಕಂಡಕಂಡವರನ್ನೆಲ್ಲ ವಿಚಾರಿಸಿದೆ. ನಿನ್ನ ಹೆಸರೆತ್ತಲಿಲ್ಲ, ಹೆದರಬೇಡ.

ಮೊದಲು ಸಿಕ್ಕವಳು ಮೂಲೆಮನೆಯ ನರ್ಸು. ಮಗನ ಶಾಲೆಯ ಪ್ಯಾಂಟು ಹೊಲಿಸಲು ಬಂದಿದ್ದಳು. ನಾನು ಎಂದಿನಂತೆ ಕಾಲಿನ ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಮಡಿಸಿ ಗುಂಡುಸೂಜಿ ಚುಚ್ಚಿದೆ. ಅಷ್ಟೊಂದು ಯಾಕೆ ಬಿಡ್ತೀರಾ ಅಕ್ಕಾ, ಇವನಾದ ಮೇಲೆ ಹಾಕ್ಕೊಳ್ಳೋಕೆ ಯಾರಿದ್ದಾರೆ ಅಂದಳು. ಹೌದಲ್ಲ ಅನ್ನಿಸಿತು. ಇಷ್ಟು ವರ್ಷ ಕೈ ತಾನಾಗಿ ಮಡಿಸುತ್ತಿತ್ತು, ಯಾರಿಗಾಗಿ ಎಂದು ನಾನು ಕೇಳಿಕೊಂಡೇ ಇರಲಿಲ್ಲ.

ನಮ್ಮ ಮನೆಯಲ್ಲಿ ಆ ಮಡಿಕೆಯೇ ಸಂಸಾರ ತೂಗಿಸಿದ್ದು. ನನ್ನಮ್ಮ, ನಿನ್ನ ಅಜ್ಜಿ, ಎಂಟು ಹೆತ್ತವಳು, ನಾನು ಆರನೆಯವಳು. ದೊಡ್ಡಕ್ಕನ ಲಂಗ ಮಡಿಕೆ ಬಿಚ್ಚುತ್ತ, ಮತ್ತೆ ಹಾಕಿಸಿಕೊಳ್ಳುತ್ತ ನನ್ನ ಬಳಿ ಬರುವಷ್ಟರಲ್ಲಿ ಅದು ಮೊದಲು ಯಾವ ಬಣ್ಣವಿತ್ತೆಂದು ಅಕ್ಕಂದಿರನ್ನೇ ಕೇಳಬೇಕಿತ್ತು. ನಾನು ಹೊಲಿಗೆ ಕಲಿತದ್ದೇ ಒಂದು ಹೊಸ ಲಂಗದ ಆಸೆಗೆ. ನೀನು ಹುಟ್ಟಿದಾಗ, ಒಬ್ಬಳೇ ಸಾಕು, ಇವಳು ತೊಡುವುದೆಲ್ಲ ಹೊಸದೇ ಆಗಿರಲಿ ಅಂದುಕೊಂಡೆ. ನೀನೋ, ಪಕ್ಕದ ಮನೆಯವಳಿಗೆ ಅಕ್ಕನ ಹಳೇ ಫ್ರಾಕು ಸಿಕ್ಕಿತೆಂದು ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತೆ. ಫ್ರಾಕನ್ನಾದರೆ ಹೇಗಾದರೂ ಹಳೇದು ಮಾಡಿ ಕೊಡುತ್ತಿದ್ದೆ, ಅಕ್ಕನನ್ನು ಎಲ್ಲಿಂದ ತರಲಿ?

ಈಗ ಅಂಗಡಿಯನ್ನು ನೀನು ಗುರುತು ಹಿಡಿಯಲಾರೆ. ಶಾಲೆ ಶುರುವಾಗುವ ಮುಂಚೆ ಸಮವಸ್ತ್ರದ ರಾಶಿಯ ಹಿಂದೆ ನಾನು ಕಾಣುತ್ತಲೇ ಇರಲಿಲ್ಲ, ನೆನಪಿದೆಯಾ? ಸಮವಸ್ತ್ರ ತುಂಬಿರುತ್ತಿದ್ದ ಕಪಾಟಿನ ಅರ್ಧದಲ್ಲಿ ಈಗ ವಯಸ್ಸಾದವರ ಅಂಗಿಗಳಿವೆ. ಕೈ ಮೇಲೆತ್ತದೆ ತೊಡುವಂತಿರಬೇಕು, ಗುಂಡಿಯ ಬದಲು ಒತ್ತಿದರೆ ಅಂಟುವ ಪಟ್ಟಿ ಬೇಕು ಎನ್ನುತ್ತಾರೆ. ಶಾಲೆಯ ಹೆಡ್‌ಮಿಸ್ಸನ್ನು ಕೇಳಿದೆ. ಎರಡು ತರಗತಿ ಒಂದೇ ಕೋಣೇಲಿ ಕೂರ್ತಾವೆ, ಖಾಲಿ ಬಿದ್ದ ಕೋಣೇಲಿ ಹಿರಿಯರಿಗೆ ವ್ಯಾಯಾಮ ಹೇಳಿಕೊಡ್ತಾರೆ, ಆದರೆ ಮಕ್ಕಳ ಬೆಂಚಲ್ಲಿ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು ಎಂದು ನಕ್ಕರು. ಮಕ್ಕಳು ಯಾಕೆ ಹೀಗೆ ಕಡಿಮೆಯಾದರೆಂದರೆ ಮಾತ್ರ ತಲೆಗೊಂದು ಮಾತು. ಹೆಣ್ಣುಮಕ್ಕಳು ಓದಿದರು ಅಂತ ಹೆಡ್‌ಮಿಸ್ಸು. ಓದಿದ್ದಲ್ಲ, ರಾತ್ರಿ ಪಾಳಿ ಮುಗಿಸಿ ಬಂದು ನೋಡಿ ಅಂತ ನರ್ಸು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಮನೆಯಲ್ಲೇ ಇದ್ದ ಅಜ್ಜಿಯನ್ನು ಕೇಳಲು ಕೊನೆಗೆ ಹೊಳೆಯಿತು. ನನ್ನ ಪಕ್ಕ ಕೂತು ಗುಂಡಿ ಆರಿಸುತ್ತಿದ್ದಳು. ಅಮ್ಮಾ, ಎಂಟು ಮಕ್ಕಳು ಬೇಕು ಅಂತ ನಿನಗೆ ಆಸೆ ಇತ್ತಾ ಎಂದೆ. ಕಿವಿಗೆ ಬೀಳಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ. ಕೇಳಿಸ್ತು ಕಣೇ, ಯೋಚನೆ ಮಾಡ್ತಿದ್ದೀನಿ, ಸುಮ್ನಿರು ಅಂದಳು. ನಾನು ಎರಡು ಕಾಲರು ಹೊಲಿದು ಮುಗಿಸಿದೆ. ಆಮೇಲೆ ಹೇಳಿದಳು. ಹೆತ್ತೆ, ಸಾಕಿದೆ, ಮೂವರನ್ನ ಮಣ್ಣು ಮಾಡಿದೆ, ಒಬ್ಬೊಬ್ಬರ ಮೇಲೂ ಜೀವ ಇಟ್ಕೊಂಡಿದ್ದೆ, ಆದರೆ ನಿನಗೆ ಬೇಕಾ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿರಲಿಲ್ಲ, ನೀನೇ ಮೊದಲು ಅಂತ.

ಕೇಳಿದ್ದರೆ ಏನಂತಿದ್ದೆ ಎಂದೆ. ಮೂರು ಅಂತಿದ್ದೆ ಅಂದಳು. ಅಂದವಳೇ ನನ್ನ ಮುಖ ನೋಡಿದಳು. ಬೆರಳು ಮಡಿಸಿ ಎಣಿಸತೊಡಗಿದಳು, ನಾನೂ ಎಣಿಸಿದೆ. ಅಯ್ಯೋ, ನೀನು ಬರ್ತಾನೇ ಇರಲಿಲ್ಲ ಕಣೇ, ನಿನ್ನ ಮಗಳೂ ಇಲ್ಲ ಎಂದು ನಗಲು ಶುರು ಮಾಡಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಆಮೇಲೆ ಗುಂಡಿಗಳತ್ತ ತಿರುಗಿ, ಆದರೂ ಕೇಳಬೇಕಿತ್ತು ಅಂದಳು.

ಈಗ ನಿನ್ನ ಉತ್ತರ. ನೋವಾಗುತ್ತದೆ. ಸ್ವಲ್ಪವಲ್ಲ, ಚೆನ್ನಾಗಿಯೇ ಆಗುತ್ತದೆ. ಆದರೆ ಅದು ನನ್ನ ನೋವು, ನಿನ್ನ ತೀರ್ಮಾನದೊಳಗೆ ಅದನ್ನು ಸೇರಿಸಬೇಡ. ಅಜ್ಜಿಯನ್ನು ಯಾರೂ ಕೇಳಲಿಲ್ಲ. ನನ್ನನ್ನು ನಿನ್ನಪ್ಪ ಕೇಳಿದರು, ಒಂದು ಅಂದೆ. ನೀನು ನಿನ್ನನ್ನೇ ಕೇಳಿಕೊಂಡಿದ್ದೀಯೆ. ಬೇಡವೆಂದರೆ ಬೇಡ. ನಾಳೆ ಮನಸ್ಸು ತಿರುಗಿದರೆ ಅದೂ ನಿನ್ನಿಷ್ಟ. ನನಗೆ ಕುತೂಹಲ ಒಂದೇ. ನನ್ನಷ್ಟು ವಯಸ್ಸಾದಾಗ ನಿನ್ನ ಪಕ್ಕ ಕೂತು ಗುಂಡಿ ಆರಿಸುವವರು ಯಾರಿರುತ್ತಾರೆ? ಗೆಳತಿಯೋ, ಪಕ್ಕದ ಮನೆಯವರೋ, ಇನ್ನೂ ಹೆಸರಿಡದ ಯಾವುದೋ ನಂಟೋ? ಯೋಚಿಸಿ ಬರೆ.

ಇಂತಿ,
ಲೆಕ್ಕ ತಪ್ಪಿ ಬಂದ ಆರನೆಯವಳು,
ನಿನ್ನ ಅಮ್ಮ

ಬರೆಯಲು ಮರೆತದ್ದು (ಸುಳ್ಳು, ಮರೆತಿರಲಿಲ್ಲ): ನಿನ್ನ ಮದುವೆಯಾದ ವರ್ಷ ಮೆತ್ತನೆಯ ಹಳದಿ ಬಟ್ಟೆ ತಂದು ಕಪಾಟಿನ ತಳದಲ್ಲಿ ಇಟ್ಟಿದ್ದೆ. ಯಾರಿಗೆಂದು ಹೇಳಬೇಕಾಗಿಲ್ಲ. ನಿನ್ನೆ ಅದನ್ನು ಅಜ್ಜಿಯ ಮುಂದೆ ಹರವಿ, ನಿನಗೊಂದು ಅಂಗಿ ಹೊಲೀಲಾ ಎಂದು ಕೇಳಿದೆ. ಇಷ್ಟು ವರ್ಷ ಮಿಕ್ಕ ಬಟ್ಟೆಯಲ್ಲಿ ಹೊಲಿದದ್ದನ್ನೇ ತೊಟ್ಟವಳು, ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಈ ಬಣ್ಣ ಬೇಡ, ನೀಲಿ ತಂದ್ಕೊಡು ಅಂದಳು. ತಂದುಕೊಟ್ಟೆ. ಹಳದಿಯದನ್ನು ಒಳಕೋಣೆಯ ಕಿಟಕಿಗೆ ಪರದೆ ಮಾಡಿದ್ದೇನೆ. ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟಿದ್ದೇನೆ, ಕೈಯ ಅಭ್ಯಾಸ ನೋಡು.