ನೀಲಾಳ ಮೂರು ಬೆರಳು

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ ಎಂದೇ ಮಸ್ಕತ್ತಿನಿಂದ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದೆ. ನೀನು ಹೋದ ಮೇಲೂ ಆ ರೂಢಿ ಬಿಟ್ಟಿಲ್ಲ. ಟೇಪಿನ ಗುಂಡಿ ಒತ್ತಿದರೆ ಸಾಕು, ಮಸ್ಕಿಯ ಮನೆಯ ಪಡಸಾಲೆಯಲ್ಲಿ ನೀನು ಕೂತು ಕೇಳುತ್ತಿರುವ ಹಾಗೆ... ಕೇಳುತ್ತೀಯಲ್ಲ?

ನಾನು ರಜೆಗೆ ಊರಿಗೆ ಬಂದಿದ್ದಾಗ, ನಮ್ಮ ನೀಲಾಳಿಗೆ ಎರಡೂ ಕಿವಿ ಕೇಳಿಸುವುದಿಲ್ಲ ಎಂದು ಲಿಂಗಸುಗೂರಿನ ಡಾಕ್ಟರು ಹೇಳಿದ ದಿನ ನೆನಪಿದೆಯೇ? ನಿನ್ನ ಸೊಸೆ ಗಿರಿಜಾ ಬಸ್ಸಿನುದ್ದಕ್ಕೂ ಸೆರಗು ಬಾಯಿಗೊತ್ತಿಕೊಂಡೇ ಬಂದಳು. ಪಕ್ಕದ ಮನೆಯ ಬಸಮ್ಮ ಬಾಗಿಲಲ್ಲೇ, "ಮಗಳು ಮೂಗಿ ಆದ್ಳೇನ್ ಬೇ ಪಾಪ?" ಅಂದಳು. "ಅಕಿ ಮೂಗಿ ಅಲ್ಲ. ನೀ ಸ್ವಲ್ಪ ಬಾಯಿ ಮುಚ್ಕೊಂಡು ನೋಡು, ಅಕಿ ಮಾತು ಕಾಣಸ್ತಾವ" ಅಂದೆ ನೀನು. ಅವತ್ತಿನಿಂದಲೇ ಕೂಸಿನ ಮುಂದೆ ಕೂತು ಕೈಯಲ್ಲಿ ಮಾತಾಡತೊಡಗಿದೆ. ನೀರಿಗೊಂದು ಸನ್ನೆ, ಎಮ್ಮೆಗೊಂದು, ನನಗೊಂದು. ನಮ್ಮ ಮನೆಯಲ್ಲಿ ವಿಭೂತಿ ಹಚ್ಚಿಕೊಳ್ಳದೆ ಯಾರೂ ತಾಟಿನ ಮುಂದೆ ಕೂರುವಂತಿರಲಿಲ್ಲ. ಹಾಗಾಗಿ ಹಣೆಯ ಮೇಲೆ ಮೂರು ಬೆರಳು ಎಳೆದರೆ ಊಟ.

ಗಿರಿಜಾಳನ್ನೂ ನೀಲಾಳನ್ನೂ ಇಲ್ಲಿಗೆ ಕರೆಸಿಕೊಳ್ಳುವಾಗ ನೀನು ಕೇಳಿದ್ದು ಒಂದೇ. "ಅಲ್ಲಿ ಇಂಥಾ ಮಕ್ಕಳಿಗೆ ಸಾಲಿ ಐತೇನೋ?"

"ಹುಡುಕ್ತೀನಿ ಬೇ" ಅಂದಿದ್ದೆ.

ಹುಡುಕಿದೆ. ಒಂದು ಶಾಲೆಯಲ್ಲಿ, ಕಿವಿ ಕೇಳದ ಮಗುವಿಗೆ ಕಲಿಸುವವರು ನಮ್ಮಲ್ಲಿಲ್ಲ ಅಂದರು. ಇನ್ನೊಂದರಲ್ಲಿ ಪಾಠವೆಲ್ಲ ಅರಬ್ಬಿಯಲ್ಲಿ, ಅದೂ ಈ ದೇಶದ ಮಕ್ಕಳಿಗೆ ಮಾತ್ರ. ಎಸಿ ರಿಪೇರಿಗೆ ಹೋದ ಮನೆಗಳಲ್ಲೆಲ್ಲ ವಿಚಾರಿಸುತ್ತಿದ್ದೆ. ಜೊತೆಗೆ ಬರುವ ತುರ್ವಿಹಾಳದ ಖಾಸಿಂ ನಗುತ್ತಿದ್ದ. "ಲೇ, ಅವ್ರು ಎಸಿ ಕೆಟ್ಟೈತಿ ಅಂದ್ರ ನೀ ಸಾಲಿ ಎಲ್ಲೈತಿ ಅಂತೀಯಲ್ಲೋ." ಕೊನೆಗೆ ಅಂಥದೇ ಒಂದು ಮನೆಯ ಹೆಂಗಸು ಹೇಳಿದಳು: ಕಿವಿ ಕೇಳದ ಮಕ್ಕಳಿಗೆ ಹೈದರಾಬಾದಿನ ಒಬ್ಬ ಟೀಚರು ತಮ್ಮ ಮನೆಯ ಮಾಳಿಗೆಯಲ್ಲೇ ಕಲಿಸುತ್ತಾರೆ. ಹೋದೆವು. "ಒಂದು ತಿಂಗಳು ನೋಡೋಣ, ಹೊಂದಿಕೊಂಡರೆ ಇರಲಿ" ಅಂದರು.

ತಿಂಗಳು ತುಂಬುವ ಮೊದಲೇ ಟೀಚರು ನಮ್ಮಿಬ್ಬರನ್ನೂ ಕರೆಸಿದರು. ಸಿಂಧನೂರು ಬಜಾರಿನಲ್ಲಿ ಕಲಿತ ನನ್ನ ಉರ್ದು ಅವತ್ತು ಕೆಲಸಕ್ಕೆ ಬಂತು. "ನಿಮ್ಮ ಮಗಳಿಗೆ ದಿನಾ ಹತ್ತು ಗಂಟೆಗೇ ತಲೆನೋವು. ಮಲಗಿಸಿದರೆ ಅಳುತ್ತಾಳೆ. ಮೊದಲು ಆಸ್ಪತ್ರೆಗೆ ತೋರಿಸಿ, ಶಾಲೆ ಆಮೇಲೆ" ಅಂದರು. ಇದೊಂದು ಬಾಗಿಲೂ ಮುಚ್ಚಿತು ಅನಿಸಿತು. ತಲೆನೋವೆಂದು ಹೇಗೆ ತಿಳಿಯಿತು ಎಂದು ಕೇಳಿದೆ. ಅವರು ಮೂರು ಬೆರಳನ್ನು ಹಣೆಯ ಮೇಲೆ ಎಳೆದು ತೋರಿಸಿದರು.

ಗಿರಿಜಾ ನನ್ನ ತೋಳು ಹಿಡಿದಳು. "ಅಯ್ಯ ಶಿವನ, ಕೂಸು ಹಸಿದೈತ್ರೀ."

ವಿಭೂತಿಯ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದೆ. ಟೀಚರು ಎದ್ದು ಹೋಗಿ ನೀಲಾಳ ಮುಂದೆ ಕೂತು, ತಾವೇ ಹಣೆಯ ಮೇಲೆ ಮೂರು ಬೆರಳು ಎಳೆದುಕೊಂಡರು. ಅವಳು ಎಂಥಾ ಓಟ ಓಡಿ ಡಬ್ಬಿ ತಂದಳು ಅಂತೀ! "ಇವಳು ಶಾಲೆ ಬಿಡುವುದು ಬೇಡ" ಅಂದರು ಟೀಚರು. ಗಿರಿಜಾಳ ಕಡೆ ತಿರುಗಿ, "ನೀವು ನಾಳೆಯಿಂದ ಬಂದು ಕೂರಿ. ನಿಮ್ಮ ಮನೆಯ ಸನ್ನೆಗಳನ್ನು ನಾನು ಮೊದಲು ಕಲಿಯಬೇಕು" ಅಂದರು.

ನೀನು ಹೋದ ಸುದ್ದಿ ಬಂದದ್ದು ಅದಾದ ಮೇಲೆ. ನೀಲಾಳಿಗೆ ಏನೂ ಹೇಳಲಿಲ್ಲ. ಹೇಗೆ ಹೇಳುವುದಿತ್ತು, ಯಾವ ಸನ್ನೆಯಲ್ಲಿ...

ನಿನಗೆ ತಿಳಿಯದ ಸುದ್ದಿ ಇದು, ಅವ್ವಾ. ಇಷ್ಟು ದಿನ ಅವಳಿಗೆ ಕಣ್ಣೆದುರಿಗಿದ್ದದ್ದನ್ನು ತೋರಿಸಲು ಬರುತ್ತಿತ್ತು, ಬೇಕಾದ್ದನ್ನು ಬೇಡಲು ಬರುತ್ತಿತ್ತು. ಇಲ್ಲದ್ದನ್ನು ವಿಚಾರಿಸಲು ಬರುತ್ತಿರಲಿಲ್ಲ. ಈ ವಾರ ಟೀಚರು 'ಎಲ್ಲಿ' ಅನ್ನುವುದನ್ನು ಕಲಿಸಿದ್ದಾರೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತಳು. ಮೂಗಿನ ಪಕ್ಕ ಬೆರಳು ತಿರುಗಿಸಿದಳು, ಅದು ನಿನ್ನ ನತ್ತು, ಅಂದರೆ ನೀನು. ಆಮೇಲೆ ಎರಡೂ ಕೈ ತೆರೆದಳು: ಎಲ್ಲಿ?

"ನನ್ನ ನೋಡಬ್ಯಾಡ್ರಿ. ನಿಮ್ಮನ್ನ ಕೇಳಾಕತ್ತಾಳ" ಅಂದಳು ಗಿರಿಜಾ.

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಚಪ್ಪಲಿ ಬಿಚ್ಚಿದೆ. ನಾಳೆ ರಜೆ ಹಾಕಿ ಟೀಚರ ಹತ್ತಿರ ಹೋಗುತ್ತೇನೆ, ಅವ್ವಾ. ಇದನ್ನು ಹೇಳುವುದು ಹೇಗೆಂದು ಕಲಿಯುತ್ತೇನೆ. ಊರಾಗ ಅದಾಳ, ಬರ್ತಾಳ ಎಂದು ನಿನ್ನ ಮೊಮ್ಮಗಳಿಗೆ ಸುಳ್ಳು ಹೇಳುವುದಿಲ್ಲ.