ಗಾಳಿ ಎಣಿಸಿದ ಬಸ್ಸು

ಮಾರ್ಚ್ 3, ಸೋಮವಾರ
ಬೆಳಿಗ್ಗೆಯೇ ಪ್ಯಾಂಟಿನ ಜಿಪ್ ಬದಲಿಸುವ ಕೆಲಸ. ಅಕ್ಕ ಎಂದಿನಂತೆ ಕೋಲು ಹಿಡಿದು ಡ್ಯೂಟಿಗೆ ಹೊರಟಳು. ಕಣ್ಣು ಹೋದ ಮೇಲೂ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಕೆಲಸ ಬಿಟ್ಟಿಲ್ಲ. ನನ್ನ ಟೈಲರಿಂಗ್ ಅಂಗಡಿ ಮುಂದೆ ಬಸ್ ಹತ್ತಿದರೆ ಆಸ್ಪತ್ರೆ ಗೇಟಿನಲ್ಲೇ ಇಳಿಯುತ್ತಾಳೆ. ಯಾರ ಹಂಗೂ ಇಲ್ಲ.

ಸ್ಟಾಪಿನಲ್ಲಿ ನೋಟೀಸು. ಮಾರ್ಗ ಬದಲಾವಣೆಗೆ ಸಾರ್ವಜನಿಕರ ಅಭಿಪ್ರಾಯ ಬೇಕಂತೆ. ಬಸ್ಸು ದೊಡ್ಡ ರಸ್ತೆಗೆ ಹೋಗಬಹುದಂತೆ. ಆ ರಸ್ತೆಯನ್ನು ಕಣ್ಣಿದ್ದವರೇ ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ. ಅಕ್ಕ ದಾಟುವುದುಂಟೇ? ಅಭಿಪ್ರಾಯ ಕೇಳುತ್ತಾರೆ ಅಂದರೆ ಒಳಗೆ ಎಲ್ಲ ತೀರ್ಮಾನ ಆಗಿದೆ. ಇಲ್ಲದಿದ್ದರೆ ನಮ್ಮನ್ನು ಯಾರು ಕೇಳುತ್ತಾರೆ...

ಮಾರ್ಚ್ 6, ಸಂಜೆ
ಬಸ್ ಕಚೇರಿಯ ಮೇಡಂ ಬೀದಿಗೆ ಬಂದಿದ್ದರು. ಬಹಳ ನಗುತ್ತಾರೆ. ನಗುನಗುತ್ತಲೇ ಕತ್ತು ಕೊಯ್ಯುವವರು ಇಂಥವರೇ.

"ಬುಧವಾರ ಬಸ್ಸಲ್ಲಿ ಜನ ಎಣಿಸ್ತೀವಮ್ಮ. ದಿನಾ ಓಡಾಡೋ ಹಾಗೇ ಓಡಾಡಿ, ಸಾಕು."

ಅದನ್ನೇ ಯಾಕೆ ಒತ್ತಿ ಹೇಳಬೇಕು? ಏನೋ ಮಸಲತ್ತು.

ಪಕ್ಕದ ಕಟಿಂಗ್ ಶಾಪಿನವನನ್ನು ಕೇಳಿದೆ. "ಜನ ತುಂಬಿದ್ರೆ ಲಾಭದ ರೂಟು ಅಂತ ಪ್ರೈವೇಟ್‌ನವರಿಗೆ ಕೊಡ್ತಾರೆ. ಅವರು ದೊಡ್ಡ ರಸ್ತೇಲಿ ಸೀದಾ ಹೊಡೀತಾರೆ. ನಿಮ್ಮ ಬೀದಿಗೆ ಯಾರು ಬರ್ತಾರೆ?" ಅಂದ. ಅವನು ಹೇಳುವುದರಲ್ಲಿ ಮುಕ್ಕಾಲು ಬೊಗಳೆ. ಇದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಮಾರ್ಚ್ 11
ಮನೆಮನೆಗೂ ಹೋಗಿ ಬಂದೆ. ನಾಳೆ ಯಾರೂ ಹತ್ತಬೇಡಿ, ಗಾಳಿ ಎಣಿಸಿಕೊಂಡು ಹೋಗಲಿ ಅಂದೆ. ನರ್ಸಮ್ಮ ನಡೆದೇ ಹೋಗುತ್ತಾಳಂತೆ. ಇಸ್ತ್ರಿಯವಳು ರಜೆ ಹಾಕಿದಳು. ನನ್ನ ಮಾತು ಇಷ್ಟು ನಡೆಯುತ್ತದೆಂದು ನನಗೇ ಗೊತ್ತಿರಲಿಲ್ಲ.

ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ವಾದಕ್ಕೆ ಕೂರುತ್ತಾಳೆ. ಅವಳೊಬ್ಬಳು ಹತ್ತಿದರೆ ಏನು ಮಹಾ.

ಮಾರ್ಚ್ 12
ಅಕ್ಕನೊಬ್ಬಳನ್ನು ಬಿಟ್ಟರೆ ಬಸ್ಸು ಖಾಲಿ. ಎಣಿಸುವವನು ಮುಂದಿನ ಸೀಟಿನಲ್ಲಿ ಕೂತು ಆಕಳಿಸುತ್ತಿದ್ದ. ನೋಡಿ ಹೊಟ್ಟೆ ತಣ್ಣಗಾಯಿತು.

"ಎಲ್ಲಿ ಹೋದ್ರೇ ಎಲ್ಲರೂ? ಒಂದು ಕೆಮ್ಮೂ ಕೇಳಿಸ್ಲಿಲ್ಲ" ಎಂದಳು ಅಕ್ಕ ಸಂಜೆ. ನನಗೇನು ಗೊತ್ತು ಅಂದೆ.

ಮಾರ್ಚ್ 29
ಇವತ್ತು ಸಭೆ. ಶಾಲೆಯ ಹಾಲ್. ಮೇಡಂ ನಗಲಿಲ್ಲ.

"ನಿಮ್ಮ ಬೀದಿ ಬಸ್ ಉಳೀಲಿ ಅಂತಲೇ ನಾನು ಹಟ ಹಿಡಿದು ಎಣಿಕೆ ಮಾಡಿಸ್ದೆ. ಜನ ಇದ್ದಾರೆ ಅಂತ ತೋರ್ಸಿದ್ರೆ ಮೇಲಿನವರು ಮುಟ್ತಿರ್ಲಿಲ್ಲ. ಇಡೀ ದಿನಕ್ಕೆ ಇಲ್ಲಿಂದ ಹತ್ತಿದ್ದು ಒಬ್ಬರು."

ಎಲ್ಲರೂ ನನ್ನನ್ನೇ ನೋಡಿದರು. ಪಕ್ಕದಲ್ಲಿದ್ದ ಅಕ್ಕನಿಗೆ ಅದು ಕಾಣದು. ಎದ್ದು ನಿಂತಳು.

"ಆ ಒಬ್ಬಳು ನಾನೇ ಮೇಡಂ."

ಹೆಮ್ಮೆಯಿಂದ ಹೇಳಿದಳು. ನನಗೆ ಅಲ್ಲೇ ಇಂಗಿಹೋಗಬೇಕೆನಿಸಿತು.

ಒಂದನೇ ತಾರೀಖಿನಿಂದ ಬಸ್ಸು ದೊಡ್ಡ ರಸ್ತೆಗೆ.

ಮಾರ್ಚ್ 31
ಮೇಡಂ ಸುಳ್ಳು ಹೇಳಿರಬಹುದು — ನಿನ್ನೆಯಿಡೀ ಹಾಗೇ ಅಂದುಕೊಂಡೆ. ಇಲ್ಲ. ಕೆಡಿಸಿದ್ದು ನಾನೇ.

ದಿನಾ ನಾನೇ ರಸ್ತೆ ದಾಟಿಸುತ್ತೇನೆ ಅಂದೆ ಅಕ್ಕನಿಗೆ. "ಕೈ ಹಿಡಿಸ್ಕೊಂಡು ಹೋಗೋದಾದ್ರೆ ಕೆಲಸ ಬಿಡ್ತೀನಿ" ಎಂದಳು. ಆಮೇಲೆ ಮೆಲ್ಲಗೆ, "ಅವತ್ತು ಯಾಕೆ ಯಾರೂ ಬರ್ಲಿಲ್ಲ? ನೀನು ಬಾಗಿಲಲ್ಲೇ ಇರ್ತೀಯ. ಗೊತ್ತಿರ್ಬೇಕು ನಿಂಗೆ."

ತಾಳು, ಅಳತೆ ಬರೆದುಕೊಳ್ಳುತ್ತಿದ್ದೇನೆ, ಮುಗಿಸಿ ಹೇಳುತ್ತೇನೆ ಅಂದೆ. ಬರೆಯುತ್ತಿರುವುದು ಇದನ್ನು. ಎದುರಿಗೇ ಕೂತಿದ್ದಾಳೆ. ಪೆನ್ನಿನ ಸದ್ದು ಅವಳಿಗೆ ಕೇಳಿಸುತ್ತದೆ. ಅದು ನಿಂತರೆ