ಕಚ್ಚದೆ ಹೋದ ರೊಟ್ಟಿ

ಸೆರ್ಜಾನ್,

ಕೊನೆಗೂ ವಿಯೆಟ್ನಾಂಗೆ ಟಿಕೆಟ್ ಆಯ್ತು ಕಣೋ. ಅಲ್ಮಾಟಿಯಿಂದ ನೇರ ವಿಮಾನ, ಅದೂ ಜುಲೈನಲ್ಲಿ. ಅಲ್ಲಿ ಮಳೆಗಾಲ, ಎಲ್ಲ ಅಗ್ಗ ಅಂತ ನೀನೇ ಬಡ್ಕೋತಿದ್ದೆಯಲ್ಲ.

ಇವತ್ತು ಮಧ್ಯಾಹ್ನ ನಮ್ಮ ಮಗಳು ಅಕ್ಬೊಪೆ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಹೋಟೆಲು ಹುಡುಕಿದಳು. ನಾನು ಕೂತಲ್ಲಿ ಕೂರಲಾರದೆ ಮೂರು ಸಲ ಚಹಾ ಬಿಸಿ ಮಾಡಿದೆ.

"ಸಮುದ್ರದ ಎದುರಿಂದು ಬೇಡಮ್ಮ, ಎರಡು ಬೀದಿ ಹಿಂದಿಂದು ಸಾಕು. ನಡೆಯೋಕೇನು ರೋಗ?" ಅಂದಳು. ಥೇಟ್ ನಿನ್ನ ಮಾತು.

"ದುಡ್ಡು ಕೊಟ್ಟು ಮಳೇಲಿ ನೆನೆಯೋಕೆ ಹೋಗ್ಬೇಕಾ?" ಅನ್ನೋದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ನೀನು ಕೊನೇ ಸಲ ಗಣಿ ಕೆಲಸಕ್ಕೆ ಹೊರಟ ಬೆಳಿಗ್ಗೆ ನಾನು ಕೂಗಾಡಿದ್ದೂ ಅದನ್ನೇ.

ಟಿಕೆಟ್ ಆಗಿದ್ದೇ ತಡ, ನಿನ್ನಮ್ಮ ರೊಟ್ಟಿ ತಂದರು. ಹೊರಡೋಕೆ ಇನ್ನೂ ಎರಡು ತಿಂಗಳಿದೆ ಅಂದರೂ ಕೇಳಲಿಲ್ಲ.

"ಒಂದು ತುತ್ತು ಕಚ್ಚಿಡಿ. ಉಳಿದದ್ದು ತಿನ್ನೋಕಾದ್ರೂ ಮನೆಗೆ ವಾಪಸ್ ಬರ್ತೀರಿ."

"ಅಷ್ಟರಲ್ಲಿ ಕಲ್ಲಾಗಿರುತ್ತೆ ಅಜ್ಜಿ!"

"ಆಗ್ಲಿ ಬಿಡೆ, ನಿನ್ನ ಹಲ್ಲೇನು ನನ್ನ ಹಲ್ಲಾ?"

ಅಕ್ಬೊಪೆ ನಗುತ್ತಲೇ ಕಚ್ಚಿದಳು. ರೊಟ್ಟಿಯನ್ನು ನನ್ನ ಕೈಗೆ ಕೊಡುವಾಗ ಅತ್ತೆ ಅದನ್ನು ಬಿಡದೆ ಹಿಡಿದೇ ನಿಂತರು. ಗಣಿಯಿಂದ ನಿನ್ನ ಹೆಣ ಬಂದು ಮೂರು ವರ್ಷವಾಯಿತು. ಇಷ್ಟು ದಿನ ಕೇಳದ್ದನ್ನು ಇವತ್ತು ಕೇಳಿದರು: "ಅವತ್ತು ಹೊರಡೋವಾಗ ಅವನು ಕಚ್ಚಿದ್ನೇನಮ್ಮ?"

"ಅವಸರದಲ್ಲಿದ್ದ, ಅತ್ತೆ" ಅಂದೆ.

ನಿನಗೇನೂ ಅವಸರ ಇರಲಿಲ್ಲ. ಬೂಟಿನ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಾ ನೀನು ಬಾಗಿಲಲ್ಲೇ ಕೂತಿದ್ದೆ. ರೊಟ್ಟಿ ನನ್ನ ಕೈಯಲ್ಲೇ ಇತ್ತು, ಸಿಟ್ಟಿನಲ್ಲಿ ನಾನೇ ಚಾಚಲಿಲ್ಲ.